ಅವ್ವ ಹಚ್ಚಿದ ಎಣ್ಣೆ

ನಮ್ಮ ಅಪ್ಪ ಮುರಗೆಪ್ಪ ತವಂದಿ ಘಾಟಿನಲ್ಲಿ ಜೀಪು ಉರುಳಿ ಸತ್ತ ಮೇಲೆ ಅವ್ವ ಖಂಡೇ ಪೂಜೆಯಲ್ಲಿ, ಅಂದರೆ ಆಯುಧ ಪೂಜೆಯಲ್ಲಿ, ಯಾವ ಗಾಡಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಕುಡುಗೋಲು, ಕುರುಪಿ, ತಕ್ಕಡಿಗೆ ಎಣ್ಣೆ ಕುಂಕುಮ ಹಚ್ಚಿ ಒಳಗೆ ಹೋಗಿಬಿಡುತ್ತಿದ್ದಳು.

ಅಪ್ಪ ಸತ್ತದ್ದು ಬನ್ನಿಯ ದಿನ, ಸಂಕೇಶ್ವರದ ನಮ್ಮ ಸೋದರಮಾವನಿಗೆ ಬನ್ನಿ ಕೊಟ್ಟು ಮರಳುವಾಗ. ಹಬ್ಬದ ದಿನ, ಕುಡಿದೇ ಇರುತ್ತಾನೆ ಎಂದು ಬೋರಗಾಂವದ ಜನ ತೀರ್ಪು ಕೊಟ್ಟರು. ಸತ್ತವರ ಮೇಲೆ ಮಾತಾಡಲು ನಮ್ಮೂರಿಗೆ ಸಾಕ್ಷಿ ಬೇಕಿಲ್ಲ. ಅವ್ವನೂ ಅದನ್ನೇ ನಂಬಿದಳು ಎಂಬುದೇ ನನಗೆ ಸಂಕಟ. ಅಪ್ಪನಿಗೆ ಮೊದಲು ಕುಡಿತ ಇತ್ತು. ಆಮೇಲೆ ಅವ್ವನ ತಲೆ ಮುಟ್ಟಿ ಆಣೆ ಮಾಡಿ ಬಿಟ್ಟಿದ್ದ. ಆ ಆಣೆ ಮುರಿದು ಸತ್ತ ಎಂಬ ಸಿಟ್ಟಿಗೆ ಅವಳು ಅವನ ಫೋಟೊವನ್ನು ಟ್ರಂಕಿನೊಳಗೆ ಹಾಕಿಟ್ಟಳು. ಗೋಡೆಯ ಮೇಲೆ ಬರಿ ಮೊಳೆ ಉಳಿಯಿತು.

ತೊಂಬತ್ತೊಂಬತ್ತರ ದಸರಾಕ್ಕೆ ನಾನು ಹಾರೂಗೇರಿಯಿಂದ ತವರಿಗೆ ಬಂದಾಗ ತಮ್ಮ ದಶರಥ ಹೊಸ ಬೈಕು ತಂದಿದ್ದ. ಎತ್ತಿನ ಡುಬ್ಬದಂಥ ಟ್ಯಾಂಕು, ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು, ಹೊಟ್ಟೆನೋವು ಬಂದವರ ಹಾಗೆ ಬಗ್ಗಿ ಕೂತು ಓಡಿಸುವ ಗಾಡಿ. ನಾನು ನಕ್ಕೆ. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಈ ಸಲ ಅವ್ವನ ಕೈಯಿಂದಲೇ ಗಾಡಿಗೆ ಎಣ್ಣೆ ಹಚ್ಚಿಸಬೇಕು ಎಂದು ಬೆನ್ನು ಹತ್ತಿದ್ದ. ಕೊನೆಗೆ ಅವಳು ಔಡಲ ಎಣ್ಣೆಯ ಬಟ್ಟಲು ಹಿಡಿದು ಹೊರಗೆ ಬಂದಳು. ಡಿಸ್ಕಿಗೆ ತಾಗಿಸಬೇಡ ಎಂದು ಅವನು ಹೇಳಿದ್ದರಿಂದ, ಮುಂದಿನ ಗಾಲಿಯ ಮೇಲಿನ ಎರಡು ಕಂಬಿಗಳಿಗಷ್ಟೇ ಹಚ್ಚಿ ಕುಂಕುಮ ಇಟ್ಟಳು.

ಪೂಜೆಯಾದ ಗಾಡಿಯನ್ನು ಬನ್ನಿಯ ಮಧ್ಯಾಹ್ನದ ತನಕ ಹೊರಗೆ ತೆಗೆಯುವುದಿಲ್ಲ, ಎಣ್ಣೆ ಒರೆಸುವುದೂ ಇಲ್ಲ. ಮರುದಿನ ಬೆಳಿಗ್ಗೆ ಮುಂದಿನ ಗಾಲಿಯ ಬುಡದಲ್ಲಿ ಹಸಿ ಕಂಡಿತು. ನಾನು ಅರಿವೆ ತಂದೆ. ದಶರಥ ನನ್ನ ಕೈ ಹಿಡಿದ.

"ಒರಸಬ್ಯಾಡ ಅಕ್ಕಾ. ಅವ್ವ ಹಚ್ಚಿದ ಎಣ್ಣಿ ಇಳದೈತಿ."

ಅವನ ಮುಖ ನೋಡಿ ನಾನು ಅರಿವೆಯನ್ನು ಮಡಚಿ ಒಳಗಿಟ್ಟೆ. ಅವ್ವ ಕೊನೆಗೂ ಗಾಡಿ ಮುಟ್ಟಿದಳಲ್ಲ ಎಂಬ ಹಿಗ್ಗು ಅವನಿಗೆ.

ಅದೇ ಬನ್ನಿಯ ದಿನ. ಮಧ್ಯಾಹ್ನ ಅವನು ಸಂಕೇಶ್ವರಕ್ಕೆ ಹೊರಟ. ಅದೇ ಮಾವ, ಅದೇ ಘಾಟು. ಬೇಡ ಎನ್ನಲು ಅವ್ವನಿಗೆ ಬಾಯಿ ಬರಲಿಲ್ಲ, ಸುಮ್ಮನಿರಲು ಮನಸ್ಸು ಬರಲಿಲ್ಲ. ಗಾಲಿಯ ಮುಂದೆ ನಿಂಬೆಹಣ್ಣು ಇಡಲು ಕೂತಳು. ಇಡುವಾಗ ಕೈಗೆ ಹಸಿ ಹತ್ತಿತು. ನಾನು ತಂಬಿಗೆಯಿಂದ ನೀರು ಹಾಕಿದೆ.

ಅವಳು ಏಳಲಿಲ್ಲ. ಇನ್ನೊಂದು ಕೈಯ ಬೆರಳನ್ನು ತಾನು ಎಣ್ಣೆ ಹಚ್ಚಿದ್ದ ಕಂಬಿಗೆ ಒತ್ತಿ, ಅದಕ್ಕೂ ನೀರು ಹಾಕು ಎಂದಳು. ಆ ಬೆರಳ ಮೇಲೆ ನೀರು ನಿಲ್ಲಲಿಲ್ಲ, ಜಾರಿ ಹೋಯಿತು, ಜಿಡ್ಡು ಹಾಗೇ ಉಳಿಯಿತು. ಮೊದಲು ತೊಳೆದ ಕೈಯಲ್ಲಿ ಜಿಡ್ಡೇ ಇರಲಿಲ್ಲ.

"ಗಾಡಿ ಚಾಲೂ ಮಾಡಬ್ಯಾಡ," ಎಂದಳು. "ಇದು ನನ್ನ ಎಣ್ಣಿ ಅಲ್ಲ."

ದಶರಥ ಬೇಸರದಿಂದಲೇ ಬ್ರೇಕು ಒತ್ತಿದ. ಹಿಡಿಕೆ ಸಲೀಸಾಗಿ ಹ್ಯಾಂಡಲಿಗೆ ಬಂದು ಬಡಿಯಿತು. ಮೇಲಿನ ಬ್ರೇಕ್ ಆಯಿಲ್ ಡಬ್ಬಿಯ ಪುಟ್ಟ ಗಾಜಿನಲ್ಲಿ ಬಗ್ಗಿ ನೋಡಿದ, ಖಾಲಿ. ಬಣ್ಣಗೆಟ್ಟು ಕಟ್ಟೆಯ ಮೇಲೆ ಕೂತುಬಿಟ್ಟ.

ದೇವರು ದೊಡ್ಡವನು ಎಂದು ನಾನು ಅವ್ವನನ್ನು ಎಬ್ಬಿಸಲು ಹೋದೆ. ಅವಳು ಇನ್ನೂ ತನ್ನ ಕೈಯನ್ನೇ ನೋಡುತ್ತಿದ್ದಳು.

"ಆವತ್ತ ನಿಮ್ಮಪ್ಪನ ಜೀಪಿನ ಗಾಲಿ ಬುಡಕೂ ಹಿಂಗ ಹಸಿ ಇತ್ತು. ನಿಂಬಿಹಣ್ಣ ಇಡೂವಾಗ ಕೈಗೆ ಹತ್ತಿತ್ತು. ಬರೇ ನೀರಾಗ ಹೋತು."

"ಅಪ್ಪ ನೋಡಿದ್ನೇನು?" ಎಂದ ದಶರಥ.

"ನೋಡಿದ್ರು, ಕೇಳಿದ್ರು. ಪೂಜಿ ಎಣ್ಣಿ ಐತಿ, ಒರಸಬ್ಯಾಡ್ರಿ ಅಂದೆ." ಆಮೇಲೆ ನನ್ನ ಕಡೆ ತಿರುಗಿದಳು. "ಚನ್ನವ್ವ, ನಿಮ್ಮಪ್ಪ ಕುಡದಿರಲಿಲ್ಲ."

ತಮ್ಮ ಉಳಿದನೆಂದು ಸಂತೋಷ ಪಡಬೇಕಾದ ಹೊತ್ತು ಅದು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ನಿಪ್ಪಾಣಿಯಿಂದ ಬಾಳಾಸಾಬ ಮಿಸ್ತ್ರಿ ಬಂದು, ಬ್ರೇಕಿನ ಪೈಪು ಕೂಡುವಲ್ಲಿ ವಾಶರ್ ಕೆಟ್ಟಿದೆ ಎಂದು ಬದಲಿಸಿ, ಹೊಸ ಆಯಿಲ್ ತುಂಬಿದ. ಬ್ರೇಕ್ ಆಯಿಲ್ ನೀರಿನಲ್ಲಿ ಕರಗುವಂಥದ್ದು, ಔಡಲ ಎಣ್ಣೆ ಕರಗುವುದಿಲ್ಲ ಎಂದು ಅವನು ಹೇಳಿದ. ಗಾಡಿ ಸರಿಯಾಯಿತು.

ಆದರೆ ಅದಕ್ಕೆ ಮುಂಚೆ, ಬನ್ನಿಯ ಸಂಜೆಯೇ, ಅವ್ವ ಟ್ರಂಕು ತೆಗೆದಳು. ಫೋಟೊವನ್ನು ಸೆರಗಿನಿಂದ ಒರೆಸಿ, ಮಣೆಯ ಮೇಲಿಟ್ಟು, ಅದರ ಮುಂದೆ ಬನ್ನಿ ಎಲೆ ಇಟ್ಟು ತಲೆಬಾಗಿದಳು. ಬನ್ನಿ ಕೊಟ್ಟವರಿಗೆ ತಿರುಗಿ ಬನ್ನಿ ಕೊಡುವುದು ನಮ್ಮಲ್ಲಿ ರೂಢಿ. ಹಳೆಯ ಮುನಿಸೆಲ್ಲ ಅಲ್ಲಿಗೆ ತೀರುತ್ತದೆ. ಊರ ಮಂದಿ ಬನ್ನಿ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದರು. ಅವ್ವ ಫೋಟೊದ ಮುಂದೆ ಕೈ ಚಾಚಿಕೊಂಡೇ ಕೂತಿದ್ದಳು.