ಎರಡೂ ಎಡತೋಳು

ನಿಮ್ಮ ಮನೆಯಲ್ಲಿ ಯಾರಾದರೂ ಕಾರಣ ಹೇಳದೆ ಪಾತ್ರೆ ಕುಕ್ಕುತ್ತಾರೆಯೇ? ಹಾಗಿದ್ದರೆ ಈ ಕಥೆ ನಿಮಗೆ ಬೇಗ ಅರ್ಥವಾಗುತ್ತದೆ.

ಬೀದಿಯ ತಿರುವಿನಲ್ಲಿ ಒಂದು ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಹೊಲಿಯುವವರು ಇಬ್ಬರು, ಅತ್ತಿಗೆ ಮತ್ತು ನಾದಿನಿ. ನಾದಿನಿಗೆ ಸೂಜಿಗೆ ದಾರ ಪೋಣಿಸಲೂ ಬಾರದಿದ್ದಾಗ ಮೋಟು ಸ್ಟೂಲು ಹಾಕಿ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳು ಅತ್ತಿಗೆ. ಹೊಲಿಗೆ ಸೊಟ್ಟಗಾದರೆ ಬೈಯುತ್ತಿರಲಿಲ್ಲ. "ಬಿಚ್ಚು" ಎನ್ನುತ್ತಿದ್ದಳು, ಅಷ್ಟೇ. ಆ ಒಂದು ಮಾತಿಗೆ ನಾದಿನಿ ಎಷ್ಟು ಸಲ ಅತ್ತಿದ್ದಾಳೋ ಲೆಕ್ಕವಿಲ್ಲ.

ಆಮೇಲೆ ನಾದಿನಿ ತರಬೇತಿಗೆ ಹೋಗಿ ಕೋಟು ಹೊಲಿಯುವುದನ್ನು ಕಲಿತು ಬಂದಳು. ಅವಳು ಕೂರಿಸಿದ ಕಾಲರ್ ಕತ್ತಿನ ಸುತ್ತ ಎಲ್ಲೂ ಏಳದೆ ಅಚ್ಚುಕಟ್ಟಾಗಿ ಕೂರುತ್ತದೆ. ಅಂಗಡಿಗೆ ಬಂದವರು ಅತ್ತಿಗೆಯ ಎದುರಿಗೇ, ಚಿಕ್ಕವರು ಇಲ್ಲವೇ, ಹಾಗಾದರೆ ಆಮೇಲೆ ಬರುತ್ತೇವೆ ಎಂದು ಹೊರಟುಹೋಗತೊಡಗಿದರು.

ಅಲ್ಲಿಂದ ಅತ್ತಿಗೆ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಎಣ್ಣೆ ಹಾಕಿದ ಯಂತ್ರಕ್ಕೇ ಮತ್ತೆ ಎಣ್ಣೆ ಹಾಕುವುದು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸುವುದು. ಗುಂಡಿಗಳನ್ನು ಬಣ್ಣ ನೋಡಿ ಜೋಡಿಸಿ, ಸರಿಯಾಗಲಿಲ್ಲವೆಂದು ಪೂರ್ತಿ ಸುರಿದು ಮೊದಲಿನಿಂದ ಶುರು ಮಾಡುವುದು. ನಾದಿನಿ ಏನು ಕೇಳಿದರೂ ಕಡ್ಡಿ ಮುರಿದಂತೆ ಉತ್ತರ. ಅದು ಹೊಟ್ಟೆಕಿಚ್ಚು, ಬೇರೇನಲ್ಲ. ಅತ್ತಿಗೆಗೂ ಅದು ಗೊತ್ತಿತ್ತು. ಮಗಳಂತೆ ಸಾಕಿದ ಹುಡುಗಿಯ ಮೇಲೆ ಹೊಟ್ಟೆಕಿಚ್ಚೇ ಎಂದು ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು. ಅಸಹ್ಯವಾದಷ್ಟೂ ಸಿಡುಕು ಹೆಚ್ಚುತ್ತಿತ್ತು.

ಅವಳ ಗಂಡನದು ಬಸ್ ರಿಪೇರಿ ಕೆಲಸ. ಅವನ ಪ್ರಕಾರ ಮನಸ್ಸಿನ ತೊಂದರೆ ಎಂಬುದೆಲ್ಲ ಕೆಲಸವಿಲ್ಲದವರ ಕಾಯಿಲೆ. ಒಂದು ಮಧ್ಯಾಹ್ನ ಅವನ ಮುಂದೆ ತಟ್ಟೆ ಕುಕ್ಕಿ ಅತ್ತಿಗೆ ಹೇಳಿಯೇಬಿಟ್ಟಳು.

"ನಿಮ್ಮ ತಂಗಿಗೆ ಬೇರೆ ಅಂಗಡಿ ನೋಡ್ಕೊಳ್ಳೋಕೆ ಹೇಳಿ. ಇಲ್ಲಿ ಇಬ್ಬರಿಗೆ ಜಾಗ ಸಾಲಲ್ಲ."

ಗಂಡ ತುತ್ತು ಕೈಯಲ್ಲೇ ಹಿಡಿದು ಅಂಗಡಿಯತ್ತ ನೋಡಿದ. ಜಾಗ ಬೇಕಾದಷ್ಟಿತ್ತು. ಭಾನುವಾರ ಹೇಳುತ್ತೇನೆ ಎಂದು ತಲೆ ತಗ್ಗಿಸಿ ಊಟ ಮುಂದುವರಿಸಿದ.

ಭಾನುವಾರ ಬರುವ ಮೊದಲೇ ಕೋಟಿನ ಫಜೀತಿಯಾಯಿತು. ಆರೋಗ್ಯ ಕೇಂದ್ರದ ನರ್ಸಮ್ಮ ಕೋಟಿಗೆಂದು ದಪ್ಪ ನೀಲಿ ಬಟ್ಟೆ ಕೊಟ್ಟಿದ್ದರು. ಅದರ ಒಂದು ಮುಖ ನುಣುಪು, ಇನ್ನೊಂದು ಮುಖ ಒರಟು; ನುಣುಪು ಮುಖವೇ ಹೊರಗೆ ಬರಬೇಕು. ನಾದಿನಿ ಹೊರಗೆ ಹೋದ ಹೊತ್ತು ನೋಡಿ, ಕೋಟು ಹೊಲಿಯಲು ನನಗೂ ಬರುತ್ತದೆ ಎಂದು ತೋರಿಸಲು ಅತ್ತಿಗೆ ಕತ್ತರಿ ಹಿಡಿದಳು. ಬಟ್ಟೆಯನ್ನು ಮಡಚಿ ಕತ್ತರಿಸಿದರೆ ಎಡತೋಳು, ಬಲತೋಳು ಒಟ್ಟಿಗೇ ಸಿಗುತ್ತವೆ. ಬಟ್ಟೆ ಸಾಲದೆ ಒಂದೊಂದೇ ತೋಳು ಕತ್ತರಿಸುವುದಾದರೆ, ಕಾಗದದ ಅಳತೆಯನ್ನು ಎರಡನೆಯ ತೋಳಿಗೆ ಮಗುಚಿ ಇಡಬೇಕು. ಅತ್ತಿಗೆಯ ಕೈ ಬಟ್ಟೆಯ ಮೇಲಿತ್ತು, ಕಿವಿ ನಾದಿನಿಯ ಹೆಜ್ಜೆ ಸದ್ದಿನ ಮೇಲಿತ್ತು. ಮಡಚಲು ಬಟ್ಟೆ ಸಾಲದೆ ಒಂದೊಂದೇ ತೋಳು ಕತ್ತರಿಸಿದಳು, ಕಾಗದ ಮಗುಚಲು ಮರೆತಳು.

ಅಂದೇ ನರ್ಸಮ್ಮ ಬಂದರು. ಕಚ್ಚಾ ಹೊಲಿಗೆ ಹಾಕಿದ ಕೋಟು ತೊಟ್ಟು ನೋಡಿದರೆ, ಎಡಗೈ ಸಲೀಸಾಗಿ ಹೋಯಿತು. ಬಲಗೈಯ ತೋಳು ಹಿಂದಕ್ಕೆ ತಿರುಚಿಕೊಂಡು ನಿಂತಿತು. ಎರಡೂ ಎಡತೋಳು! ಅತ್ತಿಗೆ ನೆಲದ ಮೇಲೆ ಕುಸಿದು ಕೂತು ಅಳತೊಡಗಿದಳು.

"ಬಟ್ಟೆ ಹೋದ್ರೆ ಹೋಗ್ಲಿ. ನಿಮಗೇನಾಗಿದೆ ಹೇಳಿ, ಅಕ್ಕ" ಎಂದರು ನರ್ಸಮ್ಮ, ತಿರುಚಿದ ತೋಳಿನಲ್ಲೇ ಪಕ್ಕ ಕೂತು.

ಅತ್ತಿಗೆ ತಡೆಯಲಾರದೆ ಎಲ್ಲವನ್ನೂ ಹೇಳಿದಳು. ನಾನು ಕೆಟ್ಟವಳು ಎಂದೂ ಸೇರಿಸಿದಳು. ಊಟಕ್ಕೆ ಬಂದಿದ್ದ ಗಂಡ ಬಾಗಿಲಲ್ಲೇ ನಿಂತು, ನಾಲ್ಕು ದಿನ ಕೈತುಂಬ ಕೆಲಸ ಮಾಡಿದರೆ ಇವೆಲ್ಲ ತಾನೇ ಹೋಗುತ್ತದೆ ಎಂದು ತನ್ನ ಮದ್ದು ಹೇಳಿದ. ಬಸ್ಸಿನಲ್ಲಿ ಎಚ್ಚರಿಕೆಯ ಕೆಂಪು ದೀಪ ಹತ್ತಿದರೆ ಏನು ಮಾಡುತ್ತೀರಿ ಎಂದು ನರ್ಸಮ್ಮ ಅವನನ್ನು ಕೇಳಿದರು.

"ಎಲ್ಲಿ ಕೆಟ್ಟಿದೆ ಅಂತ ನೋಡ್ತೀನಿ. ಕೆಲವು ಡ್ರೈವರ್‌ಗಳು ದೀಪದ ಮೇಲೆ ಟೇಪ್ ಅಂಟಿಸಿ ಓಡಿಸ್ತಾರೆ. ಆಮೇಲೆ ಬಸ್ ಎಳ್ಕೊಂಡು ನನ್ನ ಹತ್ರಾನೇ ಬರ್ತಾರೆ" ಎಂದವನು, ಅಲ್ಲಿಗೇ ಮಾತು ನಿಲ್ಲಿಸಿ ತಲೆ ಕೆರೆದುಕೊಂಡ.

ನರ್ಸಮ್ಮ ಅತ್ತಿಗೆಯ ಕಡೆ ತಿರುಗಿದರು. "ಹೊಟ್ಟೆಕಿಚ್ಚು ಬಂದಿದ್ದು ತಪ್ಪಲ್ಲ, ಅಕ್ಕ. ಅದನ್ನ ಮುಚ್ಚಿಟ್ಟು ಅವಳನ್ನೇ ಹೊರಗೆ ಕಳಿಸೋಕೆ ಹೊರಟ್ರಲ್ಲ, ಅದು ತಪ್ಪು. ಅವಳ ಹತ್ರ ಇರೋದರಲ್ಲಿ ನಿಮಗೆ ಏನು ಬೇಕು?"

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆ ಕಾಲರ್" ಎಂದಳು. "ಅವಳ ಹಾಗೆ ಕಾಲರ್ ಕೂರಿಸೋಕೆ ನನಗೂ ಬರಬೇಕು. ಆದ್ರೆ ಕಲಿಸಿದವಳೇ ಹೋಗಿ ಕಲಿಸು ಅಂತ ಹೆಂಗೆ ಕೇಳ್ಲಿ?"

ಅದು ಕಷ್ಟವೇ ಎಂದು ನರ್ಸಮ್ಮ ಒಪ್ಪಿಕೊಂಡರು. ಅಷ್ಟರಲ್ಲಿ ನಾದಿನಿ ಒಳಗೆ ಬಂದು ಕೋಟಿನ ತೋಳು ನೋಡಿ ನಿಂತಳು. ಬಟ್ಟೆ ಕಡಿಮೆಯಿತ್ತು ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆ ಮಾತು ಅತ್ತಿಗೆಯ ನಾಲಿಗೆಯ ತುದಿಗೂ ಬಂದಿತ್ತು.

"ನನ್ನದೇ ತಪ್ಪು" ಎಂದಳು ಅತ್ತಿಗೆ. "ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟು ಹೀಗೆ ಮಾಡ್ಕೊಂಡೆ. ಆ ಕಾಲರ್ ಕೂರಿಸೋದು ನನಗೂ ಕಲಿಸ್ತೀಯಾ?"

ನಾದಿನಿಯ ಕಣ್ಣು ತುಂಬಿತು. "ನಾನೀಗ ಬಾಡಿಗೆಗೆ ಅಂಗಡಿ ನೋಡ್ಕೊಂಡೇ ಬರ್ತಿದ್ದೀನಿ, ಅತ್ತಿಗೆ. ನಿಮಗೆ ನಾನು ಬೇಡವಾದೆ ಅನ್ಕೊಂಡಿದ್ದೆ."

ಆಮೇಲೆ ಇಬ್ಬರೂ ಸೇರಿ ಕೋಟನ್ನು ಉಳಿಸಿದರು. ತಪ್ಪಿದ ತೋಳಿಗೆ ಉಳಿದ ತುಂಡುಗಳನ್ನು ಸೇರಿಸಿ ಬಲತೋಳು ಮಾಡಿದವಳು ಅತ್ತಿಗೆ. ಜೋಡಿಸುವ ಕೆಲಸದಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲೇ ಇಲ್ಲ.

ಭಾನುವಾರ ಅತ್ತಿಗೆ ಅದೇ ಮೋಟು ಸ್ಟೂಲಿನ ಮೇಲೆ ಕೂತು ಮೊದಲ ಕಾಲರ್ ಹೊಲಿದಳು. ನಾದಿನಿ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಮೆಲ್ಲಗೆ ಹೇಳಿದಳು.

"ಬಿಚ್ಚಿ, ಅತ್ತಿಗೆ."

ಅತ್ತಿಗೆಯ ಕಿವಿ ಬಿಸಿಯಾಯಿತು. ದಡಕ್ಕನೆ ಎದ್ದು ಅಂಗಳಕ್ಕೆ ಹೋಗಿ ಆ ಕಡೆ ಈ ಕಡೆ ಓಡಾಡಿದಳು. ಹೊಟ್ಟೆಕಿಚ್ಚು ಹೋಗಿರಲಿಲ್ಲ, ಅಲ್ಲೇ ಇತ್ತು. ಆಗಿನ ಚಿಕ್ಕ ಹುಡುಗಿಯನ್ನು ಈ ಮಾತು ಎಷ್ಟು ನೋಯಿಸಿರಬೇಕು ಎಂದು ಅವಳಿಗೆ ಅಂದು ಮೊದಲ ಸಲ ತಿಳಿಯಿತು. ತಿರುಗಿ ಬಂದು ಅದೇ ಸ್ಟೂಲಿನ ಮೇಲೆ ಕೂತು ಹೊಲಿಗೆ ಬಿಚ್ಚತೊಡಗಿದಳು. ಭಾನುವಾರ ತಂಗಿಗೆ ಹೇಳುತ್ತೇನೆ ಎಂದಿದ್ದ ಗಂಡ ಆ ಮಾತನ್ನೇ ಎತ್ತದೆ, ಹೆಂಡತಿ ಯಂತ್ರಕ್ಕೆ ಮತ್ತೆ ಮತ್ತೆ ಸುರಿಯುತ್ತಿದ್ದ ಎಣ್ಣೆಯ ಡಬ್ಬಿಯನ್ನು ಎತ್ತಿ ಮೇಲಿನ ಹಲಗೆಯಲ್ಲಿಟ್ಟ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಿಟ್ಟು, ಭಯ, ಹೊಟ್ಟೆಕಿಚ್ಚು ಎಲ್ಲರಿಗೂ ಬರುತ್ತವೆ. ಬಂದಾಗ ನಾಚಬೇಡಿ, ಅದೇ ಕಾವಿನಲ್ಲಿ ಯಾರನ್ನೂ ಮನೆಯಿಂದ ಕಳಿಸಲೂ ಹೋಗಬೇಡಿ. ನನಗೆ ನಿಜಕ್ಕೂ ಏನು ಬೇಕು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಗೊತ್ತಾದರೆ ಅದನ್ನು ಕಲಿಯಲು ಹೊರಡಿ. ಹಲವು ವಾರ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸಿದರೆ ತಡ ಮಾಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಜ್ವರಕ್ಕೆ ಹೋಗುವುದಿಲ್ಲವೇ, ಹಾಗೆಯೇ. ಇವತ್ತು ಕೈಯಲ್ಲಿರುವ ಪಾತ್ರೆ ಕುಕ್ಕುವ ಮೊದಲು ಅದನ್ನು ಮೆಲ್ಲಗೆ ಕೆಳಗಿಡಿ, ಮನೆಯಲ್ಲಿರುವ ಒಬ್ಬರನ್ನು ಕರೆದು ಮನಸ್ಸಿನಲ್ಲಿರುವುದನ್ನು ಹೇಳಿ.