ಸೇವ್ ಆತು ಅಂದ ಮೇಲೆ

ಅವಸರದವರ ಕಾಟಕ್ಕೆ ದೀಪಿಕಾ ಅಂದು ಕೊನೆಗೂ ಸೋತಳು. ರಾಣೆಬೆನ್ನೂರಿನ ಆ ಬೀಜದ ಕಂಪನಿಯಲ್ಲಿ ಕಂಪ್ಯೂಟರುಗಳ ಉಸ್ತುವಾರಿ ಅವಳದು. ಲ್ಯಾಬಿನ ಮೊಳಕೆ ಪರೀಕ್ಷೆಯ ಫಲಿತಾಂಶವೆಲ್ಲ ಸೇರುತ್ತಿದ್ದುದು ಸರ್ವರಿನೊಳಗಿನ ಒಂದು ವರ್ಚುವಲ್ ಮಷೀನಿಗೆ, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರಿಗೆ. ಬರೆದದ್ದು ಡಿಸ್ಕಿಗೆ ಮುಟ್ಟಿದ ಮೇಲೆಯೇ ಅದು ‘ಸೇವ್ ಆಯಿತು’ ಅನ್ನಬೇಕು, ಹಾಗೆ ಇಟ್ಟಿದ್ದಳು. ಅದಕ್ಕೇ ನಿಧಾನ.

‘ಒಂದೊಂದು ಸೇವ್‌ಗೂ ಚಾ ಕುಡದು ಬರಬೇಕೇನವಾ?’ ಎಂದು ಲ್ಯಾಬಿನ ಮುಖ್ಯಸ್ಥ ಪ್ರಭುಲಿಂಗಪ್ಪ ದಿನಾ ರೇಗುತ್ತಿದ್ದರು.

ಬೆಳಿಗ್ಗೆ ಅವಳು ಬರೆದದ್ದನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕ್ಯಾಶ್ ಸೆಟ್ಟಿಂಗನ್ನು ವೇಗದ್ದಕ್ಕೆ ಬದಲಿಸಿದಳು. ಅದರಲ್ಲಿ ಬರೆದದ್ದು ಇನ್ನೂ ಮೆಮೊರಿಯಲ್ಲಿದ್ದರೂ ಮಷೀನು ‘ಸೇವ್ ಆಯಿತು’ ಅಂದುಬಿಡುತ್ತದೆ, ಬಸ್ಸಿನ ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಸಿಕ್ಕಿತು ಅಂದಂತೆ. ನಡುವೆ ಕರೆಂಟು ಹೋದರೆ ಎಲ್ಲ ಹೋಯಿತು. ಮಷೀನನ್ನು ಪೂರ್ತಿ ಬಂದ್ ಮಾಡಿ ಚಾಲೂ ಮಾಡಿದರೆ ಮಾತ್ರ ಹೊಸ ಸೆಟ್ಟಿಂಗ್ ಜಾರಿ. ಆ ಕೆಲಸ ಜೊತೆಗಾರ ಮೈಲೇಶನಿಗೆ ಒಪ್ಪಿಸಿ, ಗೋದಾಮಿನ ಪ್ರಿಂಟರ್ ನೋಡಲು ಹೋದಳು.

ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ಸೂ ಕೈಕೊಟ್ಟಿತು.

ದೀಪಿಕಾ ಗೋದಾಮಿನಿಂದ ಸರ್ವರಿನತ್ತ ಓಡಿದಳು. ಆ ಲ್ಯಾಬಿನ ರೂಢಿಯೇ ಹಾಗೆ, ಪರದೆ ‘ಸೇವ್ ಆಯಿತು’ ಅಂದ ತಕ್ಷಣ ಬೀಜ ಸುತ್ತಿ ಮೊಳಕೆ ಬರಿಸಿದ ಒದ್ದೆ ಕಾಗದದ ಸುರುಳಿಗಳೆಲ್ಲ ಹಿತ್ತಿಲಿನ ಗುಂಡಿಗೆ. ಆಗಷ್ಟೇ ಗೋವಿನಜೋಳದ ಮೊಳಕೆ ಎಣಿಕೆ ಮುಗಿದು, ಅದರ ಸುರುಳಿಗಳೂ ಗುಂಡಿ ಸೇರಿದ್ದವು. ಬೀಜದ ಯಾವ ಲಾಟು ಮೊಳೆತಿಲ್ಲ ಅನ್ನುವುದು ಅಳಿಸಿಹೋದರೆ ಮತ್ತೆ ಪರೀಕ್ಷೆಗೆ ವಾರ ಬೇಕು. ಮೇಡ್ಲೇರಿಯ ರೈತರು ಹೊಲ ಹದ ಮಾಡಿಕೊಂಡು ಬೀಜಕ್ಕೆ ಕಾಯುತ್ತಿದ್ದರು. ತಪ್ಪು ತನ್ನದೇ ಅನಿಸಿ ಅವಳಿಗೆ ಅಳುವೇ ಬಂತು.

ಕರೆಂಟು ಬಂತು, ಮಷೀನು ಎದ್ದಿತು. ಫಲಿತಾಂಶ ತೆರೆದಳು. ಎಲ್ಲ ಇತ್ತು! ಕೊನೆಯ ಲಾಟೂ ಇತ್ತು. ಮೊಳೆಯದವು ಕೆಂಪಗೆ ಕುಂತಿದ್ದವು.

‘ಮೈಲೇಶಣ್ಣ, ಮಷೀನ್ ಬಂದ್ ಮಾಡಿ ಚಾಲೂ ಮಾಡಿದ್ರಿಲ್ಲ?’

ಮೈಲೇಶ ತಲೆ ಕೆರೆದುಕೊಂಡ. ‘ಎಲ್ಲೀದು ತಗೋರಿ ಅಕ್ಕಾರ! ಸ್ವಲ್ಪ ಹೊತ್ತು ಬಿಡ್ರಿ ಅಂದ್ರ, ಎಂಟ್ರಿ ನಡದೈತಿ, ಕೈ ಹಚ್ಚಿದ್ರ ನೋಡು ಅಂತ ಪ್ರಭುಲಿಂಗಪ್ಪ ಸಾಹೇಬ್ರು ಬೈದು ಕಳಿಸಿದ್ರು.’

ಅಂದರೆ ಕರೆಂಟು ಹೋಗುವವರೆಗೂ ಹಳೆಯ ನಿಧಾನದ ಸೆಟ್ಟಿಂಗೇ ಇತ್ತು, ಬರೆದದ್ದೆಲ್ಲ ಡಿಸ್ಕಿಗೆ ಮುಟ್ಟಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಇಲ್ಲಿ ಪುಣ್ಯಾತ್ಮನ ಆತುರವೇ ಎಲ್ಲರನ್ನೂ ಕಾಪಾಡಿತ್ತು. ದೀಪಿಕಾಗೆ ಹೋದ ಜೀವ ಬಂದಂತಾಯಿತು. ಆದರೆ ಕರೆಂಟು ಹೋಗಿ ಬಂದದ್ದರಿಂದ ಈಗ ಮಷೀನು ಎದ್ದದ್ದು ಹೊಸ ಸೆಟ್ಟಿಂಗಿನಲ್ಲಿ! ಯಾರನ್ನೂ ಕೇಳದೆ ಅದನ್ನು ಬಂದ್ ಮಾಡಿ ಮೊದಲಿನಂತೆ ಮಾಡಿದಳು.

ಪ್ರಭುಲಿಂಗಪ್ಪ ಓಡಿ ಬಂದರು. ಮುಖ ಬಿಳಿಚಿಕೊಂಡಿತ್ತು. ‘ಎಲ್ಲಾ ಉಳದೈತೇನವಾ?’

‘ಉಳದೈತ್ರಿ ಸರ. ಆದ್ರ ಮಷೀನ್ ಮೊದಲಿನಂಗ ನಿಧಾನನ ಇರತೈತಿ.’

ಅವರು ಕುರ್ಚಿಯಲ್ಲಿ ಕುಸಿದು ಕುಳಿತು, ಬೆವರು ಒರೆಸಿಕೊಂಡರು.

‘ಇರಲಿ ಬಿಡವಾ. ಮೈಲೇಶ, ಮೂರು ಚಾ ಹೇಳು. ಸೇವ್ ಆಗೂತನಕ ಕುಡಿಯೂಣು.’