ಆನೆಕಾಸಿನ ಕಿಲುಬು

ನಾನು ಒಂದು ತಾಮ್ರದ ಕಾಸು. ಮೈಮೇಲೆ ಆನೆಯ ಚಿತ್ರವಿದ್ದುದರಿಂದ ಜನ ನನ್ನನ್ನು ಆನೆಕಾಸು ಎಂದು ಕರೆದರು. ರಾಜರ ಕಾಲದ ಠಂಕಸಾಲೆಯಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ತಾಮ್ರದ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಒಂದು ಏಟು ಕೊಟ್ಟರು. ನಾನು ಹುಟ್ಟಿದೆ. ಒಂದು ಏಟು ಮೊದಲು ಅದೇ ಅಚ್ಚಿನಲ್ಲಿ ನನ್ನ ಅಣ್ಣ ಹುಟ್ಟಿದ್ದ. ಅಷ್ಟಕ್ಕೇ ಅವನಿಗೆ ದೊಡ್ಡಸ್ತಿಕೆ. ಕಾಸಿಗೆ ಹೊಟ್ಟೆಯೆಲ್ಲಿದೆ ಎಂದು ನೀವು ಕೇಳಬಹುದು. ಹೊಟ್ಟೆಕಿಚ್ಚು ಮಾತ್ರ ನನಗೆ ಅವತ್ತಿನಿಂದಲೂ ಇದೆ.

ಸಂತೆ ಸಂತೆಗಳಲ್ಲಿ ಇಬ್ಬರೂ ತಿರುಗಿದೆವು. ಕೊನೆಗೆ ಬೆಲ್ಲ ಮಾರುವ ಒಬ್ಬ ಮುದುಕಿ ನಮ್ಮನ್ನು ಕುಡಿಕೆಯಲ್ಲಿ ಹಾಕಿ ಹಿತ್ತಿಲಲ್ಲಿ ಹೂತಿಟ್ಟಳು. ಜಾಗವನ್ನು ಯಾರಿಗೂ ಹೇಳದೆ ತೀರಿಹೋದಳು. ಮಣ್ಣಿನ ತೇವಕ್ಕೆ ನಮಗೆ ಹಸಿರು ಕಿಲುಬು ಹಿಡಿಯಿತು, ನನಗೆ ಸ್ವಲ್ಪ ಹೆಚ್ಚೇ. ಎಷ್ಟೋ ಕಾಲದ ಮೇಲೆ ಯಾರೋ ಪಾಯ ತೋಡುವಾಗ ಕುಡಿಕೆ ಸಿಕ್ಕಿತು. ನಾವು ತುಮಕೂರಿನ ಪಾತ್ರೆ ಅಂಗಡಿಯೊಂದರ ಹಳೆ ತಾಮ್ರದ ರಾಶಿಗೆ ಬಂದು ಬಿದ್ದೆವು.

ಅಲ್ಲಿಂದ ನಮ್ಮನ್ನು ಆರಿಸಿ ತಂದವರು ಗಡಿಯಾರ ರಿಪೇರಿಯ ಸೀಬಯ್ಯನವರು. ಅವರಿಗೆ ಹಳೆಯ ನಾಣ್ಯಗಳ ಹುಚ್ಚು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನನ್ನನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಹತ್ತಿ ಹಾಸಿದ ಬೆಂಕಿಪೊಟ್ಟಣಕ್ಕೆ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಅಣ್ಣನನ್ನು ಮಾತ್ರ ಗಾಜಿನ ಬಟ್ಟಲಿನಲ್ಲಿ ಗಡಿಯಾರದ ಎಣ್ಣೆ ಹಾಕಿ ಮಲಗಿಸಿದರು. ಪೊಟ್ಟಣದ ಬಾಯಿ ಪೂರ್ತಿ ಮುಚ್ಚಿರಲಿಲ್ಲ. ಅವನ ಉಪಚಾರವನ್ನೆಲ್ಲ ಸಂದಿಯಿಂದ ನೋಡುವ ಕರ್ಮ ನನ್ನದಾಯಿತು.

ದಿನಾ ಬೆಳಗ್ಗೆ ಅಣ್ಣನನ್ನು ಎತ್ತುವುದು, ಬಿದಿರುಕಡ್ಡಿಯ ತುದಿಯಿಂದ ಸಾಸಿವೆಯಷ್ಟು ಕಿಲುಬು ಎಬ್ಬಿಸುವುದು, ಮತ್ತೆ ಎಣ್ಣೆಗೆ ಬಿಡುವುದು. ಮೂರು ತಿಂಗಳು ಇದೇ ನಡೆಯಿತು. ಹೆಂಡತಿ ಹನುಮಕ್ಕನಿಗೆ ಇದು ವಿಚಿತ್ರವಾಗಿ ಕಂಡಿತು.

"ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಎರಡು ನಿಮಿಷದ ಕೆಲಸ. ನಾನು ಚೊಂಬು ತೊಳೆಯಲ್ವ?" ಎಂದರು.

"ಚೊಂಬಿನ ಮೇಲೆ ಆನೆ ಇರಲ್ಲ ಕಣೇ" ಎಂದು ಸೀಬಯ್ಯನವರು ನಕ್ಕರು. ಯಾಕೆಂದು ಬಿಡಿಸಿ ಹೇಳಲಿಲ್ಲ.

ಯುಗಾದಿ ಕಳೆದ ಮೇಲೆ ಊರಿನಲ್ಲಿ ನಾಣ್ಯಗಳ ಪ್ರದರ್ಶನ ನಡೆಯಲಿತ್ತು. ಒಂದು ಬಗೆಯ ನಾಣ್ಯ ಒಂದೇ ಇಡಬೇಕೆಂಬ ನಿಯಮ. ಹಾಗಾದರೆ ಹೋಗುವ ಆನೆ ಯಾವುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಬಟ್ಟಲು ಒಡೆಯಲಿ, ಅಣ್ಣ ಉರುಳಿ ಬಚ್ಚಲು ಸೇರಲಿ ಎಂದು ದಿನಾ ಹಾರೈಸಿದೆ.

ಒಂದು ಬೆಳಗ್ಗೆ ಹನುಮಕ್ಕನ ಗ್ಯಾಸ್ ಲೈಟರ್ ಕೈಕೊಟ್ಟಿತು. ಬೆಂಕಿಕಡ್ಡಿ ಹುಡುಕುತ್ತ ಬಂದು ನನ್ನ ಪೊಟ್ಟಣವನ್ನು ತೆರೆದರು.

"ಅಯ್ಯೋ ಪಾಪ, ಇದನ್ನ ಇಲ್ಲೇ ಮರೆತವ್ರೆ. ಅವರಿಗೆ ಕಣ್ಣುನೋವು ಬೇರೆ. ಇದನ್ನಾದ್ರೂ ನಾನು ತೊಳೆದಿಡ್ತೀನಿ."

ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ಉರಿಯಿತು, ಆದರೂ ನಾನು ಸುಖಪಟ್ಟೆ. ಹಸಿರು ಹೋದ ಮೇಲೂ ಸಂದಿಗೊಂದಿಯಲ್ಲಿ ಕಪ್ಪು ಉಳಿದಿದೆಯೆಂದು ಅವರು ಇನ್ನಷ್ಟು ಉಜ್ಜಿದರು. ಅವರ ಪೂಜೆಯ ಚೊಂಬಿನಂತೆ ಫಳಫಳ ಹೊಳೆದೆ. ಬಟ್ಟಲಿನ ಪಕ್ಕದಲ್ಲೇ ತಟ್ಟೆಯಲ್ಲಿ ನನ್ನನ್ನಿಟ್ಟರು. ಅಣ್ಣ ಎಣ್ಣೆಯೊಳಗೆ ಮಂಕಾಗಿ ಬಿದ್ದಿದ್ದ. ನೋಡಿಕೋ ಈಗ, ಎಂದುಕೊಂಡೆ.

ಮಧ್ಯಾಹ್ನ ಊಟಕ್ಕೆ ಬಂದ ಸೀಬಯ್ಯನವರು ನನ್ನನ್ನು ಎತ್ತಿ ಭೂತಗನ್ನಡಿ ಹಿಡಿದರು.

"ಇದು ಯಾವುದು?"

"ಬೆಂಕಿಪೊಟ್ಟಣದ್ದು. ನಿಮಗೆ ಬೇಕಾದ್ದು ಬಟ್ಟಲಲ್ಲೇ ಐತೆ, ನಾನು ಮುಟ್ಟಿಲ್ಲ."

ಅವರು ನನ್ನನ್ನು ಮತ್ತೆ ತಟ್ಟೆಯಲ್ಲಿಟ್ಟರು. "ಬಟ್ಟಲಲ್ಲಿರೋದು ಕೈ ಪಳಗಲಿ ಅಂತ ಇಟ್ಕೊಂಡಿದ್ದು ಕಣೇ. ಅದರ ಸೊಂಡಿಲು ಮೊದಲೇ ಸವೆದಿತ್ತು. ಇದರಲ್ಲಿ ಕಿಲುಬಿನ ಕೆಳಗೆ ದಂತ ಕೂಡ ಹಂಗೇ ಇತ್ತು, ಈಗ ಕಿಲುಬಿನ ಜೊತೆ ಆನೇನೂ ಉಜ್ಜಿಹೋಗಿದೆ. ಅದರ ಮೇಲೆ ಕಲಿತು, ಆಮೇಲೆ ಇದನ್ನ ಮುಟ್ಟೋಣ ಅಂತಿದ್ದೆ."

ಹನುಮಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ನಿಂತರು. "ನನಗೊಂದು ಮಾತು ಹೇಳಬಾರದಾಗಿತ್ತಾ?"

"ಹೇಳಬೇಕಾಗಿತ್ತು" ಎಂದರು ಸೀಬಯ್ಯನವರು. ಅವತ್ತು ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಪ್ರದರ್ಶನಕ್ಕೆ ಅಣ್ಣನೇ ಹೋದ. ನಾನು ಹನುಮಕ್ಕನ ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲಿದ್ದೇನೆ. ಮೈಮೇಲೆ ಒಂದು ಉಬ್ಬು ಉಳಿದಿದೆ. ಅದನ್ನು ಆನೆ ಎಂದರೂ ಸರಿ, ಎಮ್ಮೆ ಎಂದರೂ ಸರಿ. ಹನುಮಕ್ಕ ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ನನ್ನನ್ನು ಒರೆಸಿ ಅಲ್ಲೇ ಇಡುತ್ತಾರೆ.

ಅಣ್ಣನ ಮೇಲೆ ಈಗಲೂ ಹೊಟ್ಟೆಕಿಚ್ಚಿದೆ, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಿನ ಹೊಟ್ಟೆಕಿಚ್ಚು ಆ ಪೊಟ್ಟಣದಲ್ಲಿ ಮಲಗಿದ್ದ ಹಸಿರು ಕಾಸಿನ ಮೇಲೆ. ಮೂರು ತಿಂಗಳು ಸೀಬಯ್ಯನವರಿಗೆ ಆ ಮನೆಯಲ್ಲಿ ಅದರಷ್ಟು ಬೇಕಾದ ನಾಣ್ಯ ಇನ್ನೊಂದಿರಲಿಲ್ಲ. ಅದು ಆ ಮೂರು ತಿಂಗಳನ್ನೂ ಪಕ್ಕದ ಬಟ್ಟಲನ್ನು ನೋಡುತ್ತಲೇ ಕಳೆಯಿತು.